ಅಪ್ಪನ ಥರ್ಮಾಮೀಟರ್ ವಹಿಯಿಂದ ಭೂಮಿ ಕಾವಿನ ಲೆಕ್ಕ ತಗಿಯಾಕ ಬರತೈತೇನ್ರಿ?

ದ್ರಾಕ್ಷಿ ತ್ವಾಟ, ತಿಕೋಟಾ

ಎಲ್ಲಾರಿಗೂ ನಮಸ್ಕಾರ್ರಿ. ಪ್ರಶ್ನೆ ಉದ್ದ ಐತಿ. ಪೂರ್ತಿ ಓದಿ, ತಿಳಿದಾವ್ರು ಹೇಳ್ರಿ.

ತಿಕೋಟಾ ಹತ್ರ ನಮ್ದು ನಾಲ್ಕು ಎಕರೆ ದ್ರಾಕ್ಷಿ. ನಾನು ಬಿ.ಎಸ್ಸಿ. ಮುಗಿಸಿ ತ್ವಾಟಕ್ಕ ಬಂದಾಂವ. ನಮ್ಮಪ್ಪ ಮೊದಲ್ನೇ ಸಲ ದ್ರಾಕ್ಷಿ ಹಚ್ಚಿದ್ದು 1994ರಾಗ. ಆ ವರ್ಷನ ಸಾಂಗ್ಲಿಗೆ ಹೋದಾಂವ ಒಂದು ಥರ್ಮಾಮೀಟರ್ ತಂದ. ಯು ಅಕ್ಷರದಂಗ ಬಾಗಿದ ಗಾಜಿನ ನಳಗಿ, ಒಳಗ ಪಾದರಸ, ಪಾದರಸದ ಎರಡೂ ತುದೀಗೆ ಸೂಜಿ ಮುರುದಷ್ಟ ಸಣ್ಣ ಕಬ್ಬಿಣದ ಕಡ್ಡಿ. ಹಗಲು ಬಿಸಿಲು ಏರಿದಷ್ಟು ಒಂದು ಕಡ್ಡಿ ಮ್ಯಾಲೆ ಹೋಗಿ ಅಲ್ಲೇ ನಿಲ್ಲತೈತಿ. ರಾತ್ರಿ ಥಂಡಿಗೆ ಇನ್ನೊಂದು. ಮುಂಜಾನೆ ಎರಡೂ ಓದಿ ಬರಕೊಂಡು, ಒಂದು ಸಣ್ಣ ಅಯಸ್ಕಾಂತ ಹಿಡದು ಕಡ್ಡಿಗಳನ್ನ ಜಗ್ಗಿ ಮತ್ತ ಪಾದರಸಕ್ಕ ಮುಟ್ಟಿಸಿ ಬಿಡಬೇಕು. ಅಪ್ಪ ದಿನಾ ಹಾಲು ಹಿಂಡಿ ಬಂದು ಇದನ್ನ ಮಾಡತಿದ್ದ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಸೋದು) ಆದ ಮ್ಯಾಲೆ ಡೌನಿ ರೋಗ ಬರತೈತೋ ಇಲ್ಲೋ, ಡಿಸೆಂಬರ್ ಥಂಡಿಗೆ ಕಾಯಿ ಬೆಳೀದ ನಿಲ್ಲತೈತೋ, ಒಣದ್ರಾಕ್ಷಿ ಶೆಡ್ಡಿನ್ಯಾಗ ಮಾಲು ಎಷ್ಟು ದಿನಕ್ಕ ಒಣಗತೈತಿ, ಎಲ್ಲಾ ಆ ವಹಿ ನೋಡೇ ಹೇಳತಿದ್ದ. ಅಪ್ಪ ಹೋಗಿ ಮೂರು ವರ್ಷ ಆತು. ಕಡ್ಡಿ ಇಳಸೋ ಕೆಲಸ ಈಗ ನಂದು.

ಈಗ ಪ್ರಶ್ನೆ. ಕ್ಲೈಮೇಟ್ ಸೆನ್ಸಿಟಿವಿಟಿ ಅಂದ್ರ ಗಾಳಿಯೊಳಗ ಕಾರ್ಬನ್ ಡೈಆಕ್ಸೈಡ್ ಇಮ್ಮಡಿ ಆದ್ರ ಭೂಮಿ ಎಷ್ಟು ಡಿಗ್ರಿ ಬಿಸಿ ಆಗತೈತಿ ಅನ್ನೋ ಲೆಕ್ಕ ಅಂತ ಓದೀನಿ. ಐಪಿಸಿಸಿಯವ್ರು (ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ) 2021ರ ವರದಿಯೊಳಗ ಅದು 2.5ರಿಂದ 4 ಡಿಗ್ರಿ, ನಡುವಿನ ಅಂದಾಜು 3 ಅಂತ ಬರದಾರ. ನಾನೂ ವಹಿ ಹಿಡಕೊಂಡು ಕುಂತೆ. 1995ರಿಂದ 1999ರ ಸರಾಸರಿ ಒಂದ್ಕಡೆ, 2020ರಿಂದ 2024ರದ್ದು ಇನ್ನೊಂದ್ಕಡೆ. ಆಗ ಕಾರ್ಬನ್ ಡೈಆಕ್ಸೈಡ್ 364 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯೊಳಗ 364 ಪಾಲು) ಇತ್ತು, ಈಗಿಂದು 418ರ ಮ್ಯಾಲೆ. ಲಾಗ್ (ಲಾಗರಿದಮ್) ಹಾಕಿದ್ರ ಆ ಏರಿಕೆ ಇಮ್ಮಡಿಯ ಐದನೇ ಒಂದು ಪಾಲು. ನಮ್ಮ ವಹಿ ಪ್ರಕಾರ ಹಗಲಿನ ಉಷ್ಣತೆ ಏರಿದ್ದು 0.3 ಡಿಗ್ರಿ ಮಾತ್ರ, ರಾತ್ರೀದು 1.1. ಐದರಿಂದ ಗುಣಿಸಿದ್ರ ಹಗಲಿನ ಲೆಕ್ಕಕ್ಕ ಸೆನ್ಸಿಟಿವಿಟಿ 1.5, ರಾತ್ರಿ ಲೆಕ್ಕಕ್ಕ 5.5!

ಒಂದೇ ಗಿಡಕ್ಕ ಕಟ್ಟಿದ ಒಂದೇ ಥರ್ಮಾಮೀಟರ್ ಎರಡು ಭೂಮಿ ಕತಿ ಹೇಳಿದಂಗ ಆತು. ನಾ ಎಲ್ಲಿ ತಪ್ಪೀನಿ? ಉಪಗ್ರಹ, ಸೂಪರ್ ಕಂಪ್ಯೂಟರ್ ಎಲ್ಲಾ ಇದ್ದೂ ವಿಜ್ಞಾನಿಗಳಿಗೆ ಯಾಕ ಒಂದು ಅಂಕಿ ಹೇಳಾಕ ಬರವಲ್ದು?

ಹಳೇ ಫಿಸಿಕ್ಸ್ ಮಾಸ್ತರ, ಬಾಗಲಕೋಟೆ

ತಮ್ಮಾ, ನಿಮ್ಮ ಅಪ್ಪನವರ ವಹಿ ಬಗ್ಗೆ ಓದಿ ಬಹಳ ಸಂತೋಷ ಆಯಿತು. ಒಂದು ಜಾಗದಲ್ಲಿ, ಒಂದು ಕೈಯಲ್ಲಿ ಬರೆದ ಇಷ್ಟು ವರ್ಷದ ದಾಖಲೆ ಸಿಗುವುದು ಸಣ್ಣ ಮಾತಲ್ಲ. ಅದನ್ನು ಮೊದಲು ಫೋಟೊ ತೆಗೆದು ಇಡ್ರಿ. ವಹಿಗೆ ಗೆದ್ದಲು ಹತ್ತಲಿಕ್ಕೆ ಒಂದು ಮಳೆಗಾಲ ಸಾಕು.

ನಿಮಗೇ ಎರಡು ಪ್ರಶ್ನೆ ಕೇಳುತ್ತೇನೆ. ಥರ್ಮಾಮೀಟರ್ ಮೊದಲಿನಿಂದ ಅದೇ ಗಿಡದಲ್ಲೇ ಇತ್ತೋ, ನಡುವೆ ಜಾಗ ಬದಲಾಗಿದೆಯೋ? ಎರಡನೆಯದು, ತುಬಚಿ-ಬಬಲೇಶ್ವರ ಏತ ನೀರಾವರಿ ಕಾಲುವೆ ನಿಮ್ಮ ಕಡೆ ಬಂದಿದೆಯೋ? ಒಣ ಭೂಮಿಗೆ ನೀರು ಬಂದರೆ ಹಗಲಿನ ಬಿಸಿಲಿನ ಒಂದು ಪಾಲು ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ, ಹಗಲಿನ ಏರಿಕೆ ಕುಗ್ಗುತ್ತದೆ. ರಾತ್ರಿ ಆ ತೇವ ಕಾವನ್ನು ಹಿಡಿದಿಡುತ್ತದೆ. ನಿಮ್ಮ 0.3 ಮತ್ತು 1.1ರ ಅಂತರದಲ್ಲಿ ಕಾಲುವೆಯ ಕೈ ಎಷ್ಟು, ಕಾರ್ಬನ್ನಿನದೆಷ್ಟು ಅಂತ ಬೇರ್ಪಡಿಸದೆ ಗುಣಿಸಿದ್ದೀರಿ. ಇದು ಮೊದಲನೇ ತಪ್ಪು. ಒಂದು ಹೊಲದ ಉಷ್ಣತೆ ಬೇರೆ, ಇಡೀ ಭೂಮಿಯ ಸರಾಸರಿ ಬೇರೆ. ಸೆನ್ಸಿಟಿವಿಟಿ ಎಂಬುದು ಆ ಸರಾಸರಿಗೆ ಮಾತ್ರ ಅನ್ವಯಿಸುವ ಮಾತು. ನಮ್ಮ ದೇಶವನ್ನೇ ತೊಗೊಳ್ರಿ. 1901ರಿಂದ 2018ರವರೆಗೆ ಭಾರತದ ಸರಾಸರಿ ಏರಿದ್ದು 0.7 ಡಿಗ್ರಿ, ಜಗತ್ತಿನದಕ್ಕಿಂತ ಕಡಿಮೆ. ಹೊಗೆ-ಧೂಳಿನ ಕಣಗಳು ಬಿಸಿಲನ್ನು ತಡೆದದ್ದೂ ಅದಕ್ಕೆ ಒಂದು ಕಾರಣ.

ಈಗ ಬುಡದಿಂದ ಹೇಳುತ್ತೇನೆ. ನಾನು ಕ್ಲಾಸಿನಲ್ಲಿ ಇದನ್ನು ಕೌದಿ ಹಿಡಿದೇ ಹೇಳುತ್ತಿದ್ದೆ. ಕೌದಿ ತಾನು ಬಿಸಿ ಅಲ್ಲ, ಮೈಕಾವು ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ಮೊದಲನೇ ಕೌದಿ ಕೊಟ್ಟಷ್ಟು ಬೆಚ್ಚಗೆ ಐದನೆಯದು ಕೊಡುವುದಿಲ್ಲ. ಅದಕ್ಕೇ ಲೆಕ್ಕವನ್ನು ಇಷ್ಟು ಪಿಪಿಎಂಗೆ ಇಷ್ಟು ಡಿಗ್ರಿ ಅಂತ ಹಾಕದೆ, ಇಮ್ಮಡಿಗೆ ಇಷ್ಟು ಡಿಗ್ರಿ ಅಂತ ಹಾಕುತ್ತಾರೆ. ನೀವು ಲಾಗ್ ಹಾಕಿದ್ದು ಸರಿ. ಕಾರ್ಬನ್ ಡೈಆಕ್ಸೈಡ್ ಇಮ್ಮಡಿ ಆದರೆ ಚದರ ಮೀಟರಿಗೆ 4 ವ್ಯಾಟಿಗೆ ಒಂಚೂರು ಕಡಿಮೆ ಕಾವು ಒಳಗೇ ಉಳಿಯುತ್ತದೆ. ಬೇರೆ ಏನೂ ಬದಲಾಗದಿದ್ದರೆ ಭೂಮಿ 1.2 ಡಿಗ್ರಿಯಷ್ಟು ಬಿಸಿಯಾಗಿ, ಆ ಹೆಚ್ಚಿನ ಕಾವನ್ನು ಹೊರಗೆ ಚೆಲ್ಲಿ ಸಮಕ್ಕೆ ಬರುತ್ತದೆ. ಇಲ್ಲಿಯವರೆಗೆ ತಕರಾರಿಲ್ಲ.

ಆದರೆ ಬೇರೆ ಏನೂ ಬದಲಾಗದೆ ಇರುವುದಿಲ್ಲವಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ನೀರಾವಿಯೂ ಒಂದು ಕೌದಿಯೇ. ಅಂದರೆ ಮೊದಲ ಕೌದಿ ತಾನೇ ಎರಡನೇ ಕೌದಿಯನ್ನು ಎಳೆದುಕೊಂಡು ಬರುತ್ತದೆ. ಇದು ಬರೀ ಕಾಗದದ ಮೇಲಿನ ಮಾತಲ್ಲ, ನಿಸರ್ಗವೇ ಒಂದು ಸಲ ಪರೀಕ್ಷೆ ಮಾಡಿ ತೋರಿಸಿದೆ. 1991ರ ಜೂನಿನಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿಯಿತು. ಗಂಧಕದ ಮಸುಕು ಮೇಲಿನ ವಾಯುಮಂಡಲದಲ್ಲಿ ಹರಡಿ ಜಗತ್ತಿನ ಉಷ್ಣತೆ ಅರ್ಧ ಡಿಗ್ರಿಯಷ್ಟು ಇಳಿಯಿತು. ಗಾಳಿ ತಂಪಾದಂತೆ ನೀರಾವಿಯೂ ಕಡಿಮೆಯಾದದ್ದನ್ನು ಉಪಗ್ರಹಗಳು ಕಂಡವು. ನೀರಾವಿಯ ಈ ಬದಲಾವಣೆ ಸೇರಿಸಿ ಲೆಕ್ಕ ಹಾಕಿದರೆ ಮಾತ್ರ ಅಷ್ಟು ತಂಪು ಹೊಂದಿಕೆ ಆಗುತ್ತದೆ. ಬಿಟ್ಟರೆ ಕಡಿಮೆ ಬೀಳುತ್ತದೆ. ನಾನು ಇದನ್ನು ಓದಿದ ದಿನ ಎಷ್ಟೋ ಹೊತ್ತು ಪುಸ್ತಕ ಮುಚ್ಚಲಿಲ್ಲ.

ಮಂಜು ಕರಗಿದಲ್ಲಿ ಕಪ್ಪು ನೆಲ, ಕಪ್ಪು ನೀರು ಕಾಣಿಸಿಕೊಂಡು ಇನ್ನಷ್ಟು ಬಿಸಿಲು ಕುಡಿಯುತ್ತವೆ. ಅದೂ ಏರಿಕೆಯ ಕಡೆಗೇ. ಎಲ್ಲಕ್ಕಿಂತ ತೊಡಕಿನದು ಮೋಡ. ನಿಮಗೆ ಗೊತ್ತೇ ಇದೆ, ಜನವರಿಯ ರಾತ್ರಿ ಮೋಡ ಮುಚ್ಚಿದರೆ ಥಂಡಿ ಕಡಿಮೆ. ಜೂನಿನ ಮಧ್ಯಾಹ್ನ ಅದೇ ಮೋಡ ಬಂದರೆ ಜೀವಕ್ಕೆ ತಂಪು. ಒಂದೇ ಮೋಡ ಕೌದಿಯೂ ಹೌದು, ಕೊಡೆಯೂ ಹೌದು. ಭೂಮಿ ಬಿಸಿಯಾದಾಗ ಯಾವ ಮೋಡ, ಎಲ್ಲಿ, ಎಷ್ಟು ಬದಲಾಗುತ್ತದೆ ಎಂಬುದರಲ್ಲೇ ನೀವು ಕೇಳಿದ ಎರಡೂವರೆ-ನಾಲ್ಕರ ಅಂತರದ ಬಹುಪಾಲು ಅಡಗಿದೆ.

ಎರಡನೇ ತಪ್ಪು. ಬಚ್ಚಲಿನ ಹಂಡೆಗೆ ಉರಿ ಹಾಕಿದ ಕೂಡಲೇ ನೀರು ಕಾಯುತ್ತದೆಯೇ? ಭೂಮಿಯಲ್ಲಿ ಹೆಚ್ಚಾಗಿ ಉಳಿಯುತ್ತಿರುವ ಕಾವಿನ ಶೇಕಡಾ 90ಕ್ಕಿಂತ ಹೆಚ್ಚು ಪಾಲು ಸಮುದ್ರಕ್ಕೆ ಇಳಿಯುತ್ತಿದೆ. ಹಂಡೆ ಇನ್ನೂ ಕಾಯುತ್ತಿದೆ. ಈ ಹೊತ್ತಿನ ಏರಿಕೆಯನ್ನು ಗುಣಿಸಿದರೆ ಸಿಗುವುದು ಕಾಯುತ್ತಿರುವ ಹಂಡೆಯ ಲೆಕ್ಕ, ಕಾದು ನಿಂತ ಹಂಡೆಯದಲ್ಲ. ಕಾಯುತ್ತಿರುವಾಗಿನ ಲೆಕ್ಕಕ್ಕೆ ಐಪಿಸಿಸಿ ಬೇರೆ ಅಂಕಿ ಕೊಟ್ಟಿದೆ, 1.8 ಡಿಗ್ರಿ. ನೀವು 3ರ ಜೊತೆ ಹೋಲಿಸುತ್ತಿದ್ದೀರಿ.

ಲಿಂಬಿ ವ್ಯಾಪಾರಿ, ಇಂಡಿ

ಮಾಸ್ತರ್ರ ಮ್ಯಾಲೆ ಗೌರವ ಐತ್ರಿ, ಆದ್ರ ಒಂದು ಮಾತು ನೇರ ಕೇಳತೀನಿ. 1979ರಾಗ ಅಮೆರಿಕಾದವ್ರು 1.5ರಿಂದ 4.5 ಅಂದಿದ್ರು. ಐಪಿಸಿಸಿಯ 2013ರ ವರದಿಯೊಳಗೂ ಅದೇ 1.5ರಿಂದ 4.5. ಮೂವತ್ನಾಲ್ಕು ವರ್ಷ ಆದ್ರೂ ಮತ್ತ ಅಲ್ಲೇ ಬಂದು ನಿಂತ್ರು. ನಾ ಲಿಂಬಿ ದರ ಹೇಳುವಾಗ ಕಿಲೋಕ್ಕ ನಲವತ್ತರಿಂದ ನೂರಾ ಇಪ್ಪತ್ತು ಅಂದ್ರ ಯಾರಾದ್ರೂ ನನ್ನ ಮಾತು ಕೇಳತಾರೇನು? ಮೂರು ಪಟ್ಟು ಅಂತರ ಇದ್ರ ಅದಕ್ಕ ಅಂದಾಜು ಅನ್ನಬಾರದು, ಗೊತ್ತಿಲ್ಲ ಅಂತ ಒಪ್ಪಬೇಕು.

ಪುಣೆಯಲ್ಲಿರೋ ಬೆಳಗಾವಿ ಹುಡುಗಿ

ಕಾಕಾ, ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ. ನಾನು ಓದ್ತಿರೋದು ಇದನ್ನೇ, ದಿನಾ ಮಾಡೆಲ್‌ಗಳ ಜೊತೆ, ಅಂದ್ರೆ ಭೂಮಿಯ ಹವಾಮಾನ ಲೆಕ್ಕ ಹಾಕೋ ಕಂಪ್ಯೂಟರ್ ಪ್ರೋಗ್ರಾಂಗಳ ಜೊತೆ ಕೂರ್ತೀನಿ. ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ.

ಆ 1979ರ ಅಂಕಿ ಹೇಗೆ ಬಂತು ಅಂದ್ರೆ, ಚಾರ್ನಿ ಅನ್ನೋ ವಿಜ್ಞಾನಿಯ ಸಮಿತಿ ಮುಂದೆ ಇದ್ದದ್ದು ಎರಡೇ ಗುಂಪಿನ ಮಾಡೆಲ್. ಒಂದು ಮನಾಬೆ ಅವರದ್ದು, 2 ಡಿಗ್ರಿ ಆಸುಪಾಸು ಹೇಳ್ತಿತ್ತು. ಇನ್ನೊಂದು ಹ್ಯಾನ್ಸೆನ್ ಅವರದ್ದು, 4ರ ಹತ್ತಿರ. ಎರಡೂ ತುದಿಗೆ ಅರ್ಧರ್ಧ ಡಿಗ್ರಿ ಬಿಟ್ಟು 1.5ರಿಂದ 4.5 ಅಂದ್ರು. ಅದು ಆ ಕಾಲಕ್ಕೆ ಪ್ರಾಮಾಣಿಕವಾದ ತೀರ್ಮಾನ. ಅದಕ್ಕೂ ಮೊದಲು 1896ರಲ್ಲಿ ಅರ್ಹೇನಿಯಸ್ ಕೈಯಲ್ಲೇ ಲೆಕ್ಕ ಹಾಕಿ 5ರಿಂದ 6 ಅಂದಿದ್ರು, 1938ರಲ್ಲಿ ಗೈ ಕ್ಯಾಲೆಂಡರ್ ಅನ್ನೋ ಇಂಜಿನಿಯರ್ 2 ಅಂದ್ರು. ಮನಾಬೆ ಅವರಿಗೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದಿದ್ದು ಇದೇ ದಾರಿಯ ಕೆಲಸಕ್ಕೆ.

2013ರ ತನಕ ಅಂಕಿ ಹೆಚ್ಚುಕಡಿಮೆ ಅದೇ ಉಳೀತು, ಆದ್ರೆ ಅದರ ಕೆಳಗಿನ ಬುನಾದಿ ಬದಲಾಯ್ತು. ಈಗ ಮಾಡೆಲ್ ಒಂದನ್ನೇ ನಂಬ್ಕೊಂಡು ಹೇಳೋದಿಲ್ಲ. ಮೂರು ಬೇರೆ ಬೇರೆ ದಾರಿಯಿಂದ ಬಂದು ಎಲ್ಲಿ ಕೂಡ್ತವೆ ಅಂತ ನೋಡ್ತಾರೆ. ಮಾಸ್ತರ್ ಹೇಳಿದ ನೀರಾವಿ, ಮಂಜು, ಮೋಡ ಒಂದೊಂದನ್ನೂ ಉಪಗ್ರಹದಿಂದ ಅಳೆದು ಕೂಡಿಸೋದು ಮೊದಲನೇ ದಾರಿ.

ಎರಡನೇದು, ಸುಮಾರು 1850ರಿಂದ ಇಲ್ಲೀತನಕ ಆದ ಏರಿಕೆ. ತಿಕೋಟಾ ಅಣ್ಣ ಮಾಡಿದ ಲೆಕ್ಕವೇ, ಆದ್ರೆ ಇಡೀ ಭೂಮಿಗೆ, ಹಂಡೆಯ ಪಾಲನ್ನೂ ಹಿಡಿದು. ಐಪಿಸಿಸಿ ಅಂಕಿಗಳಲ್ಲೇ ಮಾಡಿ ತೋರಿಸ್ತೀನಿ, ಕ್ಯಾಲ್ಕುಲೇಟರ್ ತಗೊಳ್ಳಿ. 1850-1900ರ ಸರಾಸರಿಗೂ 2006-2019ರ ಸರಾಸರಿಗೂ ನಡುವೆ ಏರಿಕೆ 1.03 ಡಿಗ್ರಿ. ಎಲ್ಲಾ ಅನಿಲ, ಎಲ್ಲಾ ಹೊಗೆ ಕೂಡಿ-ಕಳೆದು ಬಿದ್ದ ಒತ್ತಡ, ಅಂದ್ರೆ ಒಳಗೇ ಉಳಿಯೋ ಹೆಚ್ಚಿನ ಕಾವು, ಚದರ ಮೀಟರಿಗೆ 2.2 ವ್ಯಾಟ್. ಅದರಲ್ಲಿ 0.6 ವ್ಯಾಟ್ ಹಂಡೆ ಕಾಯಿಸೋಕೆ, ಅಂದ್ರೆ ಸಮುದ್ರಕ್ಕೆ ಹೋಗ್ತಿದೆ. ಉಳಿದದ್ದು 1.6. ಇಮ್ಮಡಿಯ ಒತ್ತಡ 3.93. ಅದನ್ನ 1.03ರಿಂದ ಗುಣಿಸಿ 1.6ರಿಂದ ಭಾಗಿಸಿ. 2.5 ಬರುತ್ತೆ.

ಈಗ ಕಷ್ಟ ಎಲ್ಲಿದೆ ನೋಡಿ. ಆ 2.2 ಅನ್ನೋದ್ರಲ್ಲಿ ಹೊಗೆ-ಧೂಳಿನ ಕಣಗಳು ಬಿಸಿಲನ್ನ ತಡೆದ ಪಾಲನ್ನ ಕಳೆದಿದ್ದಾರೆ. ಎಷ್ಟು ತಡೆದವು ಅನ್ನೋದು ಖಚಿತ ಇಲ್ಲ, ಯಾಕಂದ್ರೆ ನೂರು ವರ್ಷದ ಹಿಂದಿನ ಹೊಗೆಯನ್ನ ಯಾರೂ ಅಳೆದಿಟ್ಟಿಲ್ಲ. ಕಣಗಳು ಇನ್ನೂ ಅರ್ಧ ವ್ಯಾಟ್ ಹೆಚ್ಚು ತಡೆದಿದ್ರೆ ಕೆಳಗಿನ 1.6 ಹೋಗಿ 1.1 ಆಗುತ್ತೆ, ಉತ್ತರ 3.7ರ ಹತ್ತಿರ ಹೋಗುತ್ತೆ. ಅರ್ಧ ವ್ಯಾಟ್ ಕಡಿಮೆ ತಡೆದಿದ್ರೆ 2.1 ಆಗಿ ಉತ್ತರ 1.9ಕ್ಕೆ ಇಳಿಯುತ್ತೆ. ಅರ್ಧ ವ್ಯಾಟ್ ಅಂದ್ರೆ ಎಷ್ಟು ಸಣ್ಣದು ಅಂತ ಯೋಚನೆ ಮಾಡಿ, ಹತ್ತಡಿ ಕೋಣೆಯ ಚಾವಣಿ ತುಂಬ ಹರಡಿದ್ರೂ ಐದು ವ್ಯಾಟ್ ದಾಟಲ್ಲ, ರಾತ್ರಿ ಹಚ್ಚೋ ಸಣ್ಣ ಬಲ್ಬಿನಷ್ಟು. ಅಷ್ಟರಲ್ಲಿ ಇಡೀ ಉತ್ತರ ಆಚೆ-ಈಚೆ ಆಗುತ್ತೆ. ಅದಕ್ಕೇ ಈ ದಾರಿ ಒಂದೇ ಸಾಲೋದಿಲ್ಲ.

ಮೂರನೇದು ನನಗೆ ತುಂಬ ಇಷ್ಟ. ಸುಮಾರು ಇಪ್ಪತ್ತು ಸಾವಿರ ವರ್ಷದ ಹಿಂದಿನ ಹಿಮಯುಗ. ಅಂಟಾರ್ಕ್ಟಿಕಾದ ಮಂಜಿನಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆ ಒಡೆದು ನೋಡಿದ್ರೆ ಆಗ ಕಾರ್ಬನ್ ಡೈಆಕ್ಸೈಡ್ 190 ಪಿಪಿಎಂ ಆಸುಪಾಸು ಇತ್ತು. ಭೂಮಿ 5ರಿಂದ 7 ಡಿಗ್ರಿ ತಂಪಿತ್ತು. ಅನಿಲ, ಹಿಮಹಾಸು, ಧೂಳು ಎಲ್ಲಾ ಸೇರಿ 8 ವ್ಯಾಟ್ ಹತ್ತಿರ ಕೊರತೆ. 6 ಡಿಗ್ರಿ ಹಿಡಿದು ಅದೇ ಭಾಗಾಕಾರ ಮಾಡಿ, 3ರ ಹತ್ತಿರ ಬರುತ್ತೆ. ಇಲ್ಲಿ ಫ್ಯಾಕ್ಟರಿ ಹೊಗೆಯ ಗೊಂದಲ ಇಲ್ಲ. ಇಲ್ಲಿಯ ತಪ್ಪು ಬೇರೆ ಜಾತಿಯದು, ಎರಡನೇ ದಾರಿಯ ತಪ್ಪು ಬೇರೆ ಜಾತಿಯದು. ಎರಡೂ ಒಂದೇ ಕಡೆ ತಪ್ಪೋ ಸಂಭವ ಕಡಿಮೆ.

2020ರಲ್ಲಿ 25 ಮಂದಿ ವಿಜ್ಞಾನಿಗಳು ಈ ಮೂರನ್ನೂ ಒಟ್ಟಿಗೆ ಕಟ್ಟಿದಾಗ 2.6ರಿಂದ 3.9 ಬಂತು. ಮರುವರ್ಷ ಐಪಿಸಿಸಿ 2.5ರಿಂದ 4 ಅಂತು. ಕಾಕಾ, ನೀವು ಗಮನಿಸ್ಬೇಕಾದ್ದು ಕೆಳಗಿನ ತುದಿ. 1.5 ಅನ್ನೋದು ಇದ್ದಾಗ, ಏನೂ ದೊಡ್ಡ ತೊಂದರೆ ಆಗಲ್ಲ ಅಂತ ಹೇಳೋರಿಗೆ ನಿಲ್ಲೋಕೆ ಒಂದು ಜಾಗ ಇತ್ತು. ಈಗ 2ಕ್ಕಿಂತ ಕಡಿಮೆ ಇರೋ ಸಾಧ್ಯತೆ ಬಹಳ ಕಡಿಮೆ ಅಂತ ಗೊತ್ತಾಗಿದೆ. ನಿಮ್ಮ ಲೆಕ್ಕದಲ್ಲೇ ಹೇಳೋದಾದ್ರೆ, ನಲವತ್ತಕ್ಕೆ ಮಾಲು ಸಿಗುತ್ತೆ ಅಂತ ಕಾಯ್ತಾ ಕೂತೋರಿಗೆ ಆ ದರ ಇನ್ನು ಬರೋದಿಲ್ಲ ಅಂತ ಹೇಳಿದ ಹಾಗೆ. ಅದು ಗೊತ್ತಿಲ್ಲ ಅನ್ನೋದಕ್ಕಿಂತ ಬಹಳ ದೂರದ ಮಾತು.

ಇನ್ನು ಮೋಡ. ನಾವು ಓಡಿಸೋ ಮಾಡೆಲ್‌ನಲ್ಲಿ ಭೂಮಿಯನ್ನ ಚೌಕ ಚೌಕ ಮಾಡ್ತೀವಿ, ಒಂದೊಂದು ನೂರು ಕಿಲೋಮೀಟರ್ ಆಸುಪಾಸು. ವಿಜಯಪುರ, ಆಲಮಟ್ಟಿ, ಬಾಗಲಕೋಟೆ ಮೂರೂ ಒಂದೇ ಚೌಕದೊಳಗೆ ಕೂತ್ಬಿಡಬಹುದು. ಒಂದು ಮೋಡ ಒಂದೆರಡು ಕಿಲೋಮೀಟರ್. ಮೋಡ ಚೌಕದೊಳಗೆ ಕಳೆದುಹೋಗುತ್ತೆ, ಅದನ್ನ ಸೂತ್ರದಲ್ಲಿ ಅಂದಾಜು ಮಾಡ್ಬೇಕು. ಇತ್ತೀಚಿನ ಕೆಲವು ಮಾಡೆಲ್‌ಗಳು 5 ಡಿಗ್ರಿ ದಾಟಿದ್ದಕ್ಕೆ ಮುಖ್ಯ ಕಾರಣ ಮೋಡಾನೇ. ಅವು ಹಳೇ ಕಾಲದ ಏರಿಕೆ-ಇಳಿಕೆಗೆ ಹೊಂದಲಿಲ್ಲ, ಹಾಗಾಗಿ ಐಪಿಸಿಸಿ ಅವುಗಳ ಮಾತನ್ನ ಹಾಗೇ ತಗೊಳ್ಳಲಿಲ್ಲ. 2020ರಲ್ಲಿ ಬಾರ್ಬಡೋಸ್ ಹತ್ತಿರ ವಿಮಾನ, ಹಡಗು ಕಟ್ಟಿಕೊಂಡು ಹೋಗಿ ಸಮುದ್ರದ ಮೇಲಿನ ಸಣ್ಣ ಬಿಳಿ ಮೋಡಗಳನ್ನೇ ಅಳೆದ್ರು. ಕೆಲವು ಮಾಡೆಲ್ ಹೆದರಿಸಿದಷ್ಟು ಅವು ಕರಗೋದಿಲ್ಲ ಅಂತ ಕಂಡುಬಂತು. ಮೇಲಿನ ತುದಿ ಇಳಿಯೋದು ಇಂಥ ಕೆಲಸದಿಂದ.

ಲಿಂಬಿ ವ್ಯಾಪಾರಿ, ಇಂಡಿ

ತಂಗೀ, ಆ ಭಾಗಾಕಾರ ಮೂರೂ ಮಾಡಿ ನೋಡಿದೆ. 2.5, 3.7, 1.9 ಬಂತು. ಹೊಗಿ ಲೆಕ್ಕ ಇಷ್ಟು ಆಟ ಆಡಸತೈತಿ ಅಂತ ಗೊತ್ತಿರಲಿಲ್ಲ. ಕೆಳಗಿನ ತುದಿ ಮಾತು ವಿಚಾರ ಮಾಡುವಂಥಾದ್ದು ಐತಿ. ಆದ್ರ ಹೊಗಿ ಕಡಿಮಿ ಆದ್ರ ಬಿಸಿ ಹೆಚ್ಚಾಗತೈತಿ ಅಂದಂಗಾತಲ್ಲ?

ಪುಣೆಯಲ್ಲಿರೋ ಬೆಳಗಾವಿ ಹುಡುಗಿ

ಹೌದು ಕಾಕಾ, ಸ್ವಲ್ಪ ಹೆಚ್ಚಾಗುತ್ತೆ, ಮುಚ್ಚಿಟ್ಟಿದ್ದು ಹೊರಗೆ ಬರುತ್ತೆ. ಆದ್ರೆ ಹೊಗೆ ಕುಡಿದು ಸಾಯೋ ಜನರನ್ನ ನೆನೆದ್ರೆ ಹೊಗೆ ಇರಲಿ ಅನ್ನೋಕೆ ಬಾಯಿ ಬರಲ್ಲ. ಕಣಗಳು ಕೆಲವೇ ದಿನಕ್ಕೆ ಮಳೆಗೆ ತೊಳೆದುಹೋಗ್ತವೆ, ಕಾರ್ಬನ್ ಡೈಆಕ್ಸೈಡ್‌ನ ಒಂದು ಪಾಲು ಸಾವಿರಾರು ವರ್ಷ ನಿಲ್ಲುತ್ತೆ. ಅದೂ ಇದೂ ಒಂದೇ ತಕ್ಕಡೀಲಿ ತೂಗೋ ವಸ್ತು ಅಲ್ಲ.

ದ್ರಾಕ್ಷಿ ತ್ವಾಟ, ತಿಕೋಟಾ

ಎಲ್ಲಾರಿಗೂ ಕೈಮುಗಿದು ಧನ್ಯವಾದ. ಮಾಸ್ತರ್ರ ಎರಡು ಪ್ರಶ್ನಿ ಓದಿ ನಿನ್ನಿ ರಾತ್ರಿ ವಹಿ ಒಂದೊಂದು ಹಾಳಿ ತಿರುವಿದೆ. ಕಾಲುವಿ ನೀರು ನಮ್ಮ ಕಡೆ ಬಂದೈತ್ರಿ, ಮೊದಲು ಬರೀ ಬೋರಿನ ಮ್ಯಾಲೆ ಇದ್ವಿ. ಅದು ನನಗ ಗೊತ್ತಿದ್ದ ಮಾತು, ಲೆಕ್ಕಕ್ಕ ಹಿಡೀಬೇಕು ಅಂತ ಹೊಳೀಲಿಲ್ಲ.

ಗೊತ್ತಿಲ್ಲದ್ದು ಇನ್ನೊಂದು. 2009ರ ಹಾಳಿಯೊಳಗ ಅಪ್ಪ ಪೆನ್ಸಿಲ್ಲಿನ್ಯಾಗ ಅಂಚಿಗೆ ಬರದಾನ, “ಇವತ್ತ ಶೆಡ್ಡಿನ ಗ್ವಾಡಿಯಿಂದ ತಗದು ಬೇವಿನ ಗಿಡಕ್ಕ ಕಟ್ಟೀನಿ. ಗ್ವಾಡಿ ಕಾವು ಹತ್ತತೈತಿ.” ನಾ ಸಣ್ಣಾಂವ ಇದ್ದಾಗಿಂದ ಅದು ಬೇವಿನ ಗಿಡದಾಗೇ ಇತ್ತು ಅಂತ ತಿಳಕೊಂಡಿದ್ದೆ. ಗ್ವಾಡಿ ಮ್ಯಾಲೆ ಎರಡು ಮಳಿ ತೂತು ಇನ್ನೂ ಅದಾವು, ಮುಂಜಾನೆ ಹೋಗಿ ಬೆರಳಿಟ್ಟು ನೋಡಿ ಬಂದೆ. ಅಪ್ಪಗ ಗ್ವಾಡಿ ಕಾವು ಸುಳ್ಳು ಅಂಕಿ ಕೊಡತೈತಿ ಅಂತ ತಾನ ಹೊಳದಿತ್ತು. ನಾನು ಬಿ.ಎಸ್ಸಿ. ಓದಿಯೂ ಆ ಸಾಲು ದಾಟಿ ಗುಣಾಕಾರ ಮಾಡಿದೆ.

ಅಂದ್ರ ಮಾಸ್ತರ್ರ, ಹಗಲಿನ 0.3 ಅನ್ನೋದು ಕಡಿಮಿ ಕಾಣಾಕ ಇದೂ ಕಾರಣ ಇರಬೇಕಲ್ರಿ? ಬಿಸಿ ಗ್ವಾಡಿಯಿಂದ ನೆಳ್ಳಿಗೆ ಬಂತು.

ಹಳೇ ಫಿಸಿಕ್ಸ್ ಮಾಸ್ತರ, ಬಾಗಲಕೋಟೆ

ಸರಿಯಾಗಿ ಹಿಡಿದಿರಿ. ರಾತ್ರಿಯದನ್ನೂ ನೋಡ್ರಿ. ಗೋಡೆ ರಾತ್ರಿಯೂ ಕಾವು ಬಿಡುತ್ತಿರುತ್ತದೆ, ಹಾಗಾಗಿ ಹಳೇ ರಾತ್ರಿಯ ಅಂಕಿಗಳೂ ಇದ್ದದ್ದಕ್ಕಿಂತ ಮೇಲಿರಬಹುದು. ಆಗ ನಿಜವಾದ ಏರಿಕೆ 1.1ಕ್ಕಿಂತ ಹೆಚ್ಚೇ ಆಗುತ್ತದೆ. ಇದನ್ನು ಕೂತಲ್ಲಿ ಊಹಿಸಬೇಡ್ರಿ, ಅಳೆಯಿರಿ. ಗೋಡೆ ಇನ್ನೂ ಇದೆ, ತೂತೂ ಇದೆ. ಅಂಥದೇ ಇನ್ನೊಂದು ಥರ್ಮಾಮೀಟರ್ ತಂದು ಮೊದಲು ಒಂದು ವಾರ ಎರಡನ್ನೂ ಬೇವಿನ ಗಿಡದಲ್ಲಿ ಪಕ್ಕಪಕ್ಕ ಕಟ್ಟಿ, ಅವೆರಡರ ನಡುವೆ ಎಷ್ಟು ವ್ಯತ್ಯಾಸ ಇದೆ ಬರೆದುಕೊಳ್ರಿ. ಆಮೇಲೆ ಹೊಸದನ್ನು ಅದೇ ಗೋಡೆಗೆ, ಅದೇ ಎತ್ತರಕ್ಕೆ ತೂಗುಹಾಕಿ ಪೂರ್ತಿ ಒಂದು ವರ್ಷ ಎರಡನ್ನೂ ಓದ್ರಿ. ತಿಂಗಳು ತಿಂಗಳಿಗೆ ಗೋಡೆಗೂ ಗಿಡಕ್ಕೂ ಎಷ್ಟು ಅಂತರ ಅಂತ ಸಿಗುತ್ತದೆ. 2009ರ ಹಿಂದಿನ ಅಂಕಿಗಳಿಂದ ಅದನ್ನು ಕಳೆಯಿರಿ. ವೀಕ್ಷಣಾಲಯ ಜಾಗ ಬದಲಿಸಿದಾಗ ಹವಾಮಾನದವರೂ ಮಾಡುವುದು ಇದನ್ನೇ. ಶೆಡ್ಡಿಗೆ ಆಮೇಲೆ ಬಣ್ಣ ಹಚ್ಚಿದ್ದರೆ, ಪತ್ರಾ ಬದಲಿಸಿದ್ದರೆ ಅದನ್ನೂ ಬರೆದಿಡ್ರಿ.

ದ್ರಾಕ್ಷಿ ತ್ವಾಟ, ತಿಕೋಟಾ

ಪತ್ರಾ ಬದಲಾಗಿಲ್ರಿ, ಅವೇ ತುಕ್ಕು ಹಿಡದು ಅದಾವು. ಸುಣ್ಣ ಎರಡು ಸಲ ಹೊಡದೀವಿ, ವರ್ಷ ಅವ್ವಗ ಕೇಳಿ ಬರಕೋತೀನಿ. ಗುರುವಾರ ಸಾಂಗ್ಲಿಗೆ ಮಾಲು ಒಯ್ಯೋದೈತಿ, ಬರುವಾಗ ಥರ್ಮಾಮೀಟರ್ ತರತೀನಿ. ಒಂದು ವರ್ಷದ ಅಂಕಿ ಆದ ಮ್ಯಾಲೆ ಇಲ್ಲೇ ಹಾಕತೀನಿ.